ಬೋನಸ್‌ಗೆ ಕಾಯಲಾ, ಕೆಲಸ ಬಿಟ್ಟು ಹೊರಡಲಾ?

ಪ್ರಶ್ನೆ: ನಾನು ವಿಡಿಯೊ ಗೇಮ್ ಸ್ಟುಡಿಯೊ ಒಂದರಲ್ಲಿ ಆನಿಮೇಟರ್. ನಾಲ್ಕು ವರ್ಷದಿಂದ ಒಂದೇ ಗೇಮ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಬಿಡುಗಡೆ ಎರಡು ಸಲ ಮುಂದೆ ಹೋಗಿದೆ. ಗೇಮ್ ಹೊರಬಂದ ಮೇಲೆ ದೊಡ್ಡ ಬೋನಸ್ ಇದೆ, ಆರು ತಿಂಗಳ ಸಂಬಳದಷ್ಟಾದರೂ ಆಗುತ್ತದೆ ಅಂತ ನಮ್ಮ ತಂಡದ ಲೀಡ್ ಹೇಳುತ್ತಲೇ ಬಂದಿದ್ದಾರೆ. ಅದನ್ನೇ ನೆನೆಸಿಕೊಂಡು ಹೋದ ವರ್ಷ ಶನಿವಾರ, ಭಾನುವಾರವೂ ದುಡಿದೆ. ಈಗ ಬೇರೆ ಸ್ಟುಡಿಯೊದಿಂದ ಆಫರ್ ಬಂದಿದೆ. ಸಂಬಳ ಕಾಲುಭಾಗ ಜಾಸ್ತಿ, ಕೆಲಸವೂ ನನಗಿಷ್ಟದ್ದು. ಆದರೆ ಎರಡು ತಿಂಗಳೊಳಗೆ ಸೇರಬೇಕಂತೆ, ಉತ್ತರ ಕೊಡಲು ಹತ್ತು ದಿನ ಸಮಯವಿದೆ. ನಮ್ಮ ಗೇಮ್ ಬರಲು ಇನ್ನೂ ಎಂಟು ತಿಂಗಳಾದರೂ ಬೇಕು. ಈಗ ಬಿಟ್ಟರೆ ನಾಲ್ಕು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದೆ. ಗೇಮ್‌ನ ಕ್ರೆಡಿಟ್ಸ್‌ನಲ್ಲಿ ನನ್ನ ಹೆಸರೂ ಹೋಗಬಹುದು. ತಂಡದವರಿಗೆ ಮೋಸ ಮಾಡಿದಂತೆಯೂ ಅನಿಸುತ್ತಿದೆ. ನನ್ನ ಗಂಡ "ಇಷ್ಟು ದಿನ ಕಾದಿದ್ದೀಯ, ದುಡ್ಡು ತಗೊಂಡೇ ಹೊರಡು" ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ, ಮನಸ್ಸಿನದು ಆಮೇಲೆ. ಗೇಮ್ ಸರಿಯಾಗಿ ಎಂಟು ತಿಂಗಳಿಗೆ ಬಂತು ಅಂತಲೇ ಇಟ್ಟುಕೊಳ್ಳಿ. ಬೋನಸ್ ಅವತ್ತೇ ಕೈಗೆ ಬರುವುದಿಲ್ಲ, ಮಾರಾಟದ ಲೆಕ್ಕ ಎಲ್ಲ ಆಗಬೇಕು, ಅದಕ್ಕೆ ಮೂರು ತಿಂಗಳು ಹಿಡಿಯಿತು ಅನ್ನಿ. ಅಷ್ಟರಲ್ಲಿ ನೀವು ಹೊಸ ಕಡೆ ಒಂಬತ್ತು ತಿಂಗಳು ದುಡಿದಿರುತ್ತೀರಿ, ಈಗಿನ ಲೆಕ್ಕದಲ್ಲಿ ಎರಡೂಕಾಲು ತಿಂಗಳ ಸಂಬಳದಷ್ಟು ಹೆಚ್ಚು ಬಂದಿರುತ್ತದೆ. ಆ ಕಡೆ ಆರು ತಿಂಗಳ ಸಂಬಳದಷ್ಟು ಬೋನಸ್ ನಿಜವಾಗಿಯೂ ಬರುವುದಾದರೆ ಉಳಿಯುವುದೇ ಲಾಭ. ನಿಮ್ಮ ಯಜಮಾನರು ಹೇಳಿದ್ದು ಸರಿ. ಅದೇ ಗೇಮ್ ಮೂರನೇ ಸಲವೂ ಆರು ತಿಂಗಳು ಮುಂದೆ ಹೋಗಿ, ಬೋನಸ್ ಅರ್ಧಕ್ಕೆ ಇಳಿದರೆ? ಮೂರು ತಿಂಗಳ ಸಂಬಳಕ್ಕೋಸ್ಕರ ಮೂರೂಮುಕ್ಕಾಲು ತಿಂಗಳ ಸಂಬಳ ಬಿಟ್ಟಂತಾಯಿತು. ಅಂದರೆ ಎಲ್ಲವೂ ಆ "ಆರು ತಿಂಗಳು" ಅನ್ನುವ ಮಾತಿನ ಮೇಲೆ ನಿಂತಿದೆ. ಅದನ್ನು ಹೇಳಿದ್ದು ಲೀಡ್. ಎಲ್ಲಿ ಬರೆದಿದೆ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಇಲ್ಲೊಂದು ವಿಷಯ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಈ ಬೋನಸ್ಸನ್ನು ಬಾಕಿ ಸಂಬಳ ಅಂತ ತಿಳಿದುಕೊಂಡಿದ್ದೀರಿ. ಆ ಶನಿವಾರ, ಭಾನುವಾರಗಳಿಗೆ ಕಂಪನಿ ಕೊಡಬೇಕಾದ ದುಡ್ಡು ಅದು ಅಂತ. ಆದರೆ ಕಂಪನಿ ಅದನ್ನು ಇಟ್ಟಿರುವುದು ಬಿಡುಗಡೆಯ ದಿನದವರೆಗೆ ನಿಮ್ಮಂಥವರು ಎದ್ದು ಹೋಗದಿರಲಿ ಅಂತ. ನೀವು ಹಿಂದೆ ನೋಡುತ್ತಿದ್ದೀರಿ, ಅವರು ಮುಂದೆ ನೋಡುತ್ತಿದ್ದಾರೆ. ಅದಕ್ಕೇ ಬಹಳಷ್ಟು ಕಡೆ ಒಪ್ಪಂದದಲ್ಲಿ ಒಂದು ಸಾಲು ಇರುತ್ತದೆ: ಬೋನಸ್ ಕೊಡುವ ದಿನ ನೀವು ಕೆಲಸದಲ್ಲಿ ಇರಬೇಕು, ರಾಜೀನಾಮೆ ಪತ್ರವನ್ನೂ ಕೊಟ್ಟಿರಬಾರದು. ಕೆಲವರು ಈ ಎರಡನೇ ಭಾಗ ಓದುವುದೇ ಇಲ್ಲ, ನೋಟಿಸ್ ಅವಧಿಯಲ್ಲಿದ್ದಾಗ ಬೋನಸ್ ದಿನ ಬಂದರೆ ಸಾಕು ಅಂದುಕೊಂಡು ಪತ್ರ ಕೊಟ್ಟು ಕೂರುತ್ತಾರೆ.

ಇನ್ನು ಕೊನೆಯವರೆಗೆ ಕೂತರೆ ಗ್ಯಾರಂಟಿಯಾ? ಈ ಉದ್ಯಮದಲ್ಲಿ ಅದೂ ಇಲ್ಲ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೆಗಾಸ್' ನಿಮಗೆ ಗೊತ್ತೇ ಇರುತ್ತದೆ. ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ವೆಬ್‌ಸೈಟ್‌ನಲ್ಲಿ 85 ಅಂಕ ಬಂದರೆ ಅದನ್ನು ಮಾಡಿದ ಅಬ್ಸಿಡಿಯನ್ ಸ್ಟುಡಿಯೊಗೆ ಬೋನಸ್ ಅಂತ ಮಾತಾಗಿತ್ತು. ಬಂದದ್ದು 84. ಬೋನಸ್ ಇಲ್ಲ. ಯಾರೋ ವಿಮರ್ಶಕರು ಕೊಟ್ಟ ಅಂಕದ ಮೇಲೆ ಒಬ್ಬ ಆನಿಮೇಟರ್‌ಗೆ ಏನು ಹಿಡಿತ ಇರುತ್ತದೆ ಹೇಳಿ. 'ಸೈಬರ್‌ಪಂಕ್ 2077' ವಿಷಯದಲ್ಲಿ ಇದು ಉಲ್ಟಾ ಆಯಿತು. ಅಲ್ಲೂ ಬೋನಸ್ಸಿಗೆ ಅಂಕದ ಷರತ್ತು ಇತ್ತು, 2020ರ ಡಿಸೆಂಬರ್‌ನಲ್ಲಿ ಗೇಮ್ ಬಂದಾಗ ಬಗ್‌ಗಳ ಗಲಾಟೆ ಎದ್ದಿತು, ಆದರೆ ಆಡಳಿತದವರು ಷರತ್ತು ಕೈಬಿಟ್ಟು ಬೋನಸ್ ಕೊಡುತ್ತೇವೆ ಅಂದರು. ಕೊಡುವುದೂ ಅವರ ಕೈಯಲ್ಲಿ, ಬಿಡುವುದೂ ಅವರ ಕೈಯಲ್ಲಿ.

ದಿನಾಂಕ ಮುಂದೆ ಹೋದರೆ ಬೋನಸ್ಸಿನ ಗತಿ ಏನಾಗುತ್ತದೆ ಅನ್ನುವುದಕ್ಕೆ ಮೊನ್ನೆ ಮೊನ್ನೆಯ ಉದಾಹರಣೆ 'ಸಬ್‌ನಾಟಿಕಾ 2'. ಅದನ್ನು ಮಾಡುತ್ತಿದ್ದ ಸ್ಟುಡಿಯೊವನ್ನು ಕ್ರಾಫ್ಟನ್ ಅನ್ನುವ ಗೇಮ್ ಕಂಪನಿ 2021ರಲ್ಲಿ ಕೊಂಡಾಗ, ಗುರಿ ಮುಟ್ಟಿದರೆ ಇನ್ನೂ 25 ಕೋಟಿ ಡಾಲರ್‌ವರೆಗೆ ಕೊಡುತ್ತೇವೆ ಅಂತ ಒಪ್ಪಂದ ಆಗಿತ್ತು. 2025ರಲ್ಲಿ ಸ್ಟುಡಿಯೊ ಮುಖ್ಯಸ್ಥರನ್ನು ತೆಗೆದರು, ಬಿಡುಗಡೆ 2026ಕ್ಕೆ ಹೋಯಿತು, ಜಗಳ ಕೋರ್ಟ್ ಮೆಟ್ಟಿಲೇರಿತು. ಅಲ್ಲಿ ಯಾರದ್ದು ಸರಿ ಯಾರದ್ದು ತಪ್ಪು ಅನ್ನುವುದು ನಮಗೆ ಬೇಡ. ಗೇಮ್ ಹೊರಬರುವ ದಿನಾಂಕಕ್ಕೂ ಬೋನಸ್ಸಿಗೂ ಗಂಟು ಹಾಕಿದ್ದರೆ, ಆ ದಿನಾಂಕ ತೀರ್ಮಾನ ಮಾಡುವವರ ಹತ್ತಿರವೇ ನಿಮ್ಮ ದುಡ್ಡು ಇದೆ, ಅಷ್ಟೆ. ನಿಮ್ಮ ಗೇಮ್ ಈಗಾಗಲೇ ಎರಡು ಸಲ ಮುಂದೆ ಹೋಗಿದೆ ಅಂದಿರಲ್ವಾ?

ಹಾಗಾಗಿ ಇವತ್ತೇ ನಿಮ್ಮ ನೇಮಕಾತಿ ಪತ್ರ ಮತ್ತು ಬೋನಸ್ ಬಗ್ಗೆ ಬಂದ ಎಲ್ಲ ಮೇಲ್‌ಗಳನ್ನು ಹುಡುಕಿ ಕೂತು ಓದಿ. ಮೊತ್ತ ಬರೆದಿದೆಯಾ, ಅಥವಾ "ಆಡಳಿತದ ವಿವೇಚನೆಗೆ ಬಿಟ್ಟದ್ದು" ಅನ್ನುವ ಸಾಲು ಇದೆಯಾ ನೋಡಿ. ಆ ಸಾಲು ಇದ್ದರೆ ಲೀಡ್ ಹೇಳಿದ ಆರು ತಿಂಗಳು ಬರೀ ಮೂಗಿಗೆ ಸವರಿದ ತುಪ್ಪ. ಲಾಭದಲ್ಲಿ ಪಾಲು ಅಂತ ಇದ್ದರೆ, ಯಾವ ಖರ್ಚು ಕಳೆದ ಮೇಲಿನ ಲಾಭ ಅಂತ ನೋಡಿ. ಗೇಮ್ ಮಾಡಿದ ಖರ್ಚು, ಪ್ರಚಾರದ ಖರ್ಚು ಎರಡೂ ವಾಪಸ್ ಬಂದ ಮೇಲೆ ಅಂತಿದ್ದರೆ, ಚೆನ್ನಾಗಿ ಮಾರಾಟವಾದ ಗೇಮ್‌ಗೂ ಮೊದಲ ವರ್ಷ ಏನೂ ಬರದೆ ಇರಬಹುದು. ಕಂಪನಿಯೇ ನಿಮ್ಮನ್ನು ತೆಗೆದರೆ ಬೋನಸ್ ಉಂಟಾ ಅಂತಲೂ ಹುಡುಕಿ. ಗೇಮ್ ಬಿಡುಗಡೆಯಾದ ಕೂಡಲೇ ಜನರನ್ನು ಕಡಿಮೆ ಮಾಡುವುದು ಇಲ್ಲಿ ಹೊಸದೇನಲ್ಲ. 'ಹೈ-ಫೈ ರಶ್' ಎಲ್ಲರೂ ಹೊಗಳಿದ ಗೇಮ್, 2023ರ ಜನವರಿಯಲ್ಲಿ ಬಂತು. ಅದನ್ನು ಮಾಡಿದ ಸ್ಟುಡಿಯೊ ಮುಚ್ಚುತ್ತೇವೆ ಅಂತ ಮೈಕ್ರೋಸಾಫ್ಟ್ 2024ರ ಮೇನಲ್ಲಿ ಹೇಳಿತು. ಆಮೇಲೆ ಬೇರೆಯವರು ಕೊಂಡು ಅದನ್ನು ಉಳಿಸಿದರು, ಅದು ಬೇರೆ ಮಾತು.

ಕಾಗದದಲ್ಲಿ ಸ್ಪಷ್ಟವಿಲ್ಲದಿದ್ದರೆ ಎಚ್‌ಆರ್‌ಗೆ ಒಂದು ಸರಳ ಮೇಲ್ ಹಾಕಿ: "ಬಿಡುಗಡೆ ಬೋನಸ್ಸಿನ ನಿಯಮಗಳ ಪ್ರತಿ ಕೊಡುತ್ತೀರಾ?" ಅಷ್ಟೇ ಸಾಕು. ಆಫರ್ ಬಂದಿದೆ ಅಂತ ಹೇಳಲು ಹೋಗಬೇಡಿ, ಲೀಡ್ ಹತ್ತಿರವೂ ಬೇಡ.

ಆ ಕಡೆ ಹೊಸ ಸ್ಟುಡಿಯೊದವರನ್ನೂ ಕೇಳಿ. ಬಹಳ ಜನ ಇದಕ್ಕೆ ಸಂಕೋಚ ಪಡುತ್ತಾರೆ, ಯಾಕೋ ಗೊತ್ತಿಲ್ಲ. "ನಾನು ಬಿಟ್ಟು ಬಂದರೆ ಇಂತಿಷ್ಟು ಬೋನಸ್ ಹೋಗುತ್ತದೆ, ಅದರಲ್ಲಿ ಸ್ವಲ್ಪವಾದರೂ ಸೇರುವಾಗಿನ ಬೋನಸ್ ಅಂತ ಕೊಡಲು ಆಗುತ್ತದಾ, ಇಲ್ಲ ಸೇರುವ ದಿನಾಂಕ ಮುಂದೆ ಹಾಕಬಹುದಾ?" ಇದು ಗೇಮ್ ಉದ್ಯಮದಲ್ಲಿ ಯಾರಿಗೂ ವಿಚಿತ್ರ ಅನಿಸದ ಪ್ರಶ್ನೆ, ಅವರೂ ಇದನ್ನೆಲ್ಲ ನೋಡಿದವರೇ. ಕೊಟ್ಟರೆ ಅದರ ಷರತ್ತನ್ನೂ ಓದಿ. ಇಷ್ಟು ಸಮಯದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಸಾಮಾನ್ಯವಾಗಿ ಇರುತ್ತದೆ.

ಆ ಶನಿವಾರ, ಭಾನುವಾರಗಳ ವಿಷಯವನ್ನು ಬೋನಸ್ ಜೊತೆ ಸೇರಿಸಬೇಡಿ, ಅದು ಬೇರೆಯೇ ವಿಷಯ. ನಿಮ್ಮಲ್ಲಿನ ಕಾನೂನು, ನಿಮ್ಮ ಒಪ್ಪಂದ ಓವರ್‌ಟೈಮ್ ಬಗ್ಗೆ ಏನು ಹೇಳುತ್ತದೆ ಅಂತ ಗೊತ್ತಿರುವವರ ಹತ್ತಿರ ವಿಚಾರಿಸಿ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಕಲಾವಿದರು ಇದೇ ಕಾರಣಕ್ಕೆ ಕೇಸ್ ಹಾಕಿ, 2005ರಲ್ಲಿ 1.56 ಕೋಟಿ ಡಾಲರ್‌ಗೆ ರಾಜಿಯಾಗಿದ್ದರು. ಕೆಲಸ ಬಿಟ್ಟ ಮೇಲೂ ಬೋನಸ್ಸಿಗಾಗಿ ಹೋರಾಡಿದವರು ಇದ್ದಾರೆ. 2010ರಲ್ಲಿ ಇನ್ಫಿನಿಟಿ ವಾರ್ಡ್ ಸ್ಟುಡಿಯೊದ ಹತ್ತಾರು ಜನ ಅದರ ಮಾಲೀಕ ಕಂಪನಿ ಆಕ್ಟಿವಿಷನ್ ಮೇಲೆ ಕೇಸ್ ಹಾಕಿದರು, 2012ರಲ್ಲಿ 4.2 ಕೋಟಿ ಡಾಲರ್ ಪಡೆದರು. ಆದರೆ ಅದಕ್ಕೆ ಎರಡು ವರ್ಷ ಬೇಕಾಯಿತು, ಅಷ್ಟೊಂದು ಜನ ಒಟ್ಟಿಗೆ ನಿಂತಿದ್ದರು, ಅವರು ಮಾಡಿದ ಗೇಮ್ ಭರ್ಜರಿಯಾಗಿ ಮಾರಾಟವಾಗಿತ್ತು. ಒಬ್ಬರೇ ಆ ದಾರಿ ಹಿಡಿಯುತ್ತೇನೆ ಅಂದರೆ ನಾನಂತೂ ಬೇಡ ಅನ್ನುತ್ತೇನೆ.

ಕ್ರೆಡಿಟ್ಸ್ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ. ಬಿಡುಗಡೆಗೆ ಮೊದಲೇ ಬಿಟ್ಟವರ ಹೆಸರು ಹಾಕದ ಸ್ಟುಡಿಯೊಗಳಿವೆ. 2018ರಲ್ಲಿ 'ರೆಡ್ ಡೆಡ್ ರಿಡೆಂಪ್ಷನ್ 2' ಬಂದಾಗ ಹಾಗೆ ಬಿಟ್ಟುಹೋದವರಿಗೆ ಗೇಮ್‌ನ ಕ್ರೆಡಿಟ್ಸ್‌ನಲ್ಲಿ ಜಾಗ ಸಿಗಲಿಲ್ಲ, ಅದನ್ನು ಮಾಡಿದ ರಾಕ್‌ಸ್ಟಾರ್ ಕಂಪನಿಯ ವೆಬ್‌ಸೈಟ್‌ನಲ್ಲಿ ಧನ್ಯವಾದದ ಪಟ್ಟಿಯಲ್ಲಿ ಹೆಸರು ಬಂತು. ಡೆವಲಪರ್‌ಗಳ ಅಂತರರಾಷ್ಟ್ರೀಯ ಸಂಘ ಐಜಿಡಿಎ ಈ ಬಗ್ಗೆ ಮಾರ್ಗಸೂಚಿ ಮಾಡಿದೆ, ಆದರೆ ಅದನ್ನು ಪಾಲಿಸಲೇಬೇಕು ಅಂತೇನಿಲ್ಲ. ನೀವು ಬಿಡುವುದೇ ಆದರೆ, ನಾಲ್ಕು ವರ್ಷದ ಕೆಲಸಕ್ಕೆ ಹೆಸರು ಹಾಕುತ್ತೇವೆ, ಬಿಡುಗಡೆ ಆದ ಮೇಲೆ ಪೋರ್ಟ್‌ಫೋಲಿಯೊದಲ್ಲಿ ನಿಮ್ಮ ಕೆಲಸ ತೋರಿಸಬಹುದು ಅಂತ ಒಂದು ಮೇಲ್‌ನಲ್ಲಿ ಬರೆಸಿಕೊಳ್ಳಿ. ಕೊನೆಯ ದಿನ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೊರಡುವ ಕೆಲಸ ಮಾತ್ರ ಬೇಡವೇ ಬೇಡ.

ಮೋಸದ ಮಾತಿಗೆ ಬಂದರೆ, ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡಿ, ಅರ್ಧಕ್ಕೆ ನಿಂತ ಆನಿಮೇಷನ್‌ಗಳ ಪಟ್ಟಿ ಬರೆದು, ಯಾರು ತೆಗೆದು ನೋಡಿದರೂ ಅರ್ಥವಾಗುವ ಹಾಗೆ ಜೋಡಿಸಿ ಕೊಟ್ಟು ಹೊರಡುವವರನ್ನು ಮೋಸಗಾರರು ಅಂತ ಯಾರೂ ಅನ್ನುವುದಿಲ್ಲ. ಪಕ್ಕದಲ್ಲಿ ಕೂರುವ ಗೆಳೆಯರಿಗೆ ಬೇಜಾರಾಗುತ್ತದೆ, ಅವರ ಮೇಲೆ ಒಂದಷ್ಟು ಕೆಲಸ ಬೀಳುತ್ತದೆ, ನಿಜ. ಆ ಕೆಲಸಕ್ಕೆ ಜನ ಹಾಕುವುದು ಸ್ಟುಡಿಯೊದ ಜವಾಬ್ದಾರಿ. ನಾಳೆ ಪ್ರಾಜೆಕ್ಟ್ ರದ್ದಾದರೆ ಅವರು ನಿಮಗೋಸ್ಕರ ಎಂಟು ತಿಂಗಳು ಕಾಯುತ್ತಾರಾ?

ನನ್ನ ಅಭಿಪ್ರಾಯ ಕೇಳಿದಿರಿ. ಮೊತ್ತ ಕಾಗದದ ಮೇಲಿದ್ದು, ಅಂಕದ ಷರತ್ತು ಇಲ್ಲದೆ, ಕಂಪನಿಯೇ ತೆಗೆದರೂ ಕೊಡುತ್ತೇವೆ ಅಂತ ಇದ್ದರೆ ಉಳಿಯಿರಿ, ಹೊಸ ಕಡೆ ಸಮಯ ಕೇಳಿ ನೋಡಿ. ಇಲ್ಲದಿದ್ದರೆ ಬೋನಸ್ ಸೊನ್ನೆ ಅಂತ ಇಟ್ಟುಕೊಂಡು ಹೊರಡಿ. ನಾಲ್ಕು ವರ್ಷದಲ್ಲಿ ಒಂದು ಸಾಲೂ ಬರೆದು ಕೊಡದವರು ಇನ್ನು ಎಂಟು ತಿಂಗಳಲ್ಲಿ ಕೊಡುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಹೊಸ ಆಫರ್ ಪತ್ರ ಸಹಿಯಾಗಿ ಕೈಗೆ ಬರುವವರೆಗೆ ಮಾತ್ರ ರಾಜೀನಾಮೆ ಕೊಡಬೇಡಿ.