ಗಿರಣಿ ತಿರುಗುವಾಗ ಮಾತ್ರ

ನೋವಿನ ಮಾತ್ರೆಯನ್ನು "ಕೊನೆಗಾಲಕ್ಕೆ ಇರಲಿ" ಎಂದು ಎತ್ತಿಡುವ ಮನೆಗಳು ನನಗೆ ಹೊಸದಲ್ಲ. ಈ ಪ್ರಕರಣವನ್ನು ಬರೆಯುವಂತೆ ಮಾಡಿದ್ದು ಮಾತ್ರ ನನ್ನದೇ ತಪ್ಪು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಎಪ್ಪತ್ತು ದಾಟಿದ ತಾಯಿ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿತ್ತು. ಮನೆಯ ಮುಂಭಾಗದಲ್ಲಿ ಮಗನ ಹಿಟ್ಟಿನ ಗಿರಣಿ, ಹಿಂದಿನ ಕೋಣೆಯಲ್ಲಿ ಇವರ ಮಂಚ. ವೈದ್ಯರು 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆಯನ್ನು, ಅಂದರೆ ಅಫೀಮಿನಿಂದ ಬರುವ ಬಲವಾದ ನೋವಿನ ಔಷಧವನ್ನು, ನಾಲ್ಕು ಗಂಟೆಗೊಮ್ಮೆ ಕೊಡಲು ಬರೆದಿದ್ದರು. ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ನಮ್ಮ ತಂಡದ ನರ್ಸ್ ಜೊತೆ ಮೂರು ಬಾರಿ ಹೋದೆ. "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆಯಮ್ಮ?" ಎಂದು ಮೂರು ಬಾರಿಯೂ ಕೇಳಿದೆ. ಮಗ ತಲೆದೆಸೆಯಲ್ಲೇ ನಿಂತಿರುತ್ತಿದ್ದ. ಅವನ ಮುಖ ನೋಡಿ "ಎರಡು" ಎನ್ನುತ್ತಿದ್ದರು. ನಾನೂ ಎರಡು ಎಂದೇ ಬರೆದುಕೊಂಡು ಬಂದೆ.

ನಾಲ್ಕನೆಯ ಸಲ ಗೋಡೆಯ ಕಡೆ ಕಣ್ಣು ಹೋಯಿತು. ಮಂಚದ ಮೇಲೆ ಕುಳಿತವರ ತಲೆಯೆತ್ತರಕ್ಕೆ ಎಣ್ಣೆಯ ಕಲೆ. ಹಾಸಿಗೆಯ ಮೇಲಿನ ದಿಂಬಿಗೆ ಒಂದು ಸುಕ್ಕೂ ಇಲ್ಲ. "ಗಿರಾಕಿಗಳು ಕಾಯುತ್ತಿದ್ದಾರೆ, ನೀವು ಹೋಗಿ" ಎಂದು ಮಗನನ್ನು ಹೊರಗೆ ಕಳುಹಿಸಿದೆ. ಹೆತ್ತ ಮಗನನ್ನೇ ಆಚೆ ಹಾಕಿದಳೆಂದು ಅವರ ನಾದಿನಿ ಆಮೇಲೆ ನಮ್ಮ ತಂಡಕ್ಕೆ ದೂರು ಕೊಟ್ಟರು. ಕೊಡಲಿ. ನಾಳೆಯೂ ಹಾಗೆಯೇ ಮಾಡುತ್ತೇನೆ.

ಗಿರಣಿ ಶುರುವಾಯಿತು. ನಾನು ಅಂಕಿಯ ಗೊಡವೆಗೆ ಹೋಗಲಿಲ್ಲ.

"ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಮ್ಮ?"

"ಮಲಗಿ ತಿಂಗಳಾಯಿತು ತಾಯಿ. ಕುಳಿತೇ ಬೆಳಗು ಮಾಡುತ್ತೇನೆ."

"ಮತ್ತೆ ನೋವು ಎರಡು ಎಂದಿರಲ್ಲ?"

"ಅದು ಅವನಿಗೆ ಹೇಳಿದ್ದು. ನಿನಗೆ ಹೇಳುವುದಾದರೆ ರೂಪಾಯಿಗೆ ಹದಿನಾಲ್ಕಾಣೆ."

ಹದಿನಾರಾಣೆಗೆ ಒಂದು ರೂಪಾಯಿ ಎಂಬ ಹಳೆಯ ಲೆಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಗಿರಣಿ ತಿರುಗುವಾಗ ನರಳಿಕೊಳ್ಳುತ್ತೇನೆ. ಕರೆಂಟ್ ಹೋದರೆ ಬಾಯಿ ಮುಚ್ಚಿಕೊಳ್ಳುತ್ತೇನೆ."

ಮಾತ್ರೆಯ ಕಥೆಯೂ ಆಗಲೇ ಹೊರಬಿತ್ತು. ಮಗ ಅದನ್ನು ದೇವರ ಗೂಡಿನಲ್ಲಿಟ್ಟು, ಕೇಳಿದಾಗ ಮಾತ್ರ ಕೊಡುತ್ತಿದ್ದ. ಇವರು ಕೇಳುತ್ತಿರಲಿಲ್ಲ. ತೆಗೆದುಕೊಂಡರೆ ನಾಲ್ಕು ದಿನ ಮಲವಿಸರ್ಜನೆ ಆಗುತ್ತಿರಲಿಲ್ಲ. ಬೆಳೆದ ಮಗನಿಗೆ ಅದನ್ನು ಹೇಗೆ ಹೇಳುವುದು? ಮಲ ಸಡಿಲಿಸುವ ಮಾತ್ರೆ ಚೀಟಿಯಲ್ಲಿತ್ತು. ಅಷ್ಟೇನೂ ಮುಖ್ಯವಲ್ಲವೆಂದು ಮಗ ಕೊಂಡಿರಲಿಲ್ಲ.

ಇದನ್ನೆಲ್ಲ ಮಗನಿಗೆ ಹೇಳಬಹುದೇ ಎಂದು ಕೇಳಿದೆ. "ಮಲಗದ್ದನ್ನು ಹೇಳು, ನರಳುವುದನ್ನು ಹೇಳಬೇಡ" ಎಂದರು. ಹಾಗೆಯೇ ನಡೆದುಕೊಂಡೆ. ಗುಟ್ಟು ಕಾಯುವುದು ನಮ್ಮ ಕೆಲಸದ ಮೊದಲ ಪಾಠ. ಔಷಧ ಸರಿಪಡಿಸಲು ಮೊದಲರ್ಧವೇ ಸಾಕಿತ್ತು.

ಮಗ ಕೆಟ್ಟವನಲ್ಲ. "ಈಗಲೇ ಇದನ್ನು ಕೊಟ್ಟುಬಿಟ್ಟರೆ ಕೊನೆಗೆ ಏನು ಕೊಡುವುದು ಮೇಡಂ?" ಎಂದು ಕೇಳಿದ. ಕೊನೆಗೂ ಇದನ್ನೇ, ಬೇಕಿದ್ದರೆ ಹೆಚ್ಚು ಪ್ರಮಾಣದಲ್ಲಿ, ಎಂದೆ. ಮಾರ್ಫಿನ್‌ಗೆ ಇಷ್ಟೇ ಎಂಬ ಗರಿಷ್ಠ ಮಿತಿ ಇಲ್ಲ. ನೋವು ಏರಿದರೆ ವೈದ್ಯರು ಪ್ರಮಾಣವನ್ನೂ ಏರಿಸುತ್ತಾರೆ. ಒಮ್ಮೆ ನುಂಗಿದ್ದರ ಪ್ರಭಾವ ನಾಲ್ಕು ಗಂಟೆಯಲ್ಲಿ ಇಳಿಯುವುದರಿಂದ, ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬಂದು ಹೋಗುತ್ತವೆ. ಮಲಬದ್ಧತೆ ಹೋಗುವುದಿಲ್ಲ, ಹಾಗಾಗಿ ಆ ಇನ್ನೊಂದು ಮಾತ್ರೆ ಮೊದಲ ದಿನದಿಂದಲೇ ಬೇಕು. ಚಟದ ಭಯವನ್ನೂ ಎತ್ತಿದ. ವೈದ್ಯರ ಲೆಕ್ಕದಂತೆ ಕ್ಯಾನ್ಸರ್ ನೋವಿಗೆ ಕೊಟ್ಟಾಗ ಅದು ವಿರಳ ಎಂದೆ. ಮಾದಕವಸ್ತುಗಳ ಕುರಿತ 1985ರ ಕಾನೂನು ಆಸ್ಪತ್ರೆಗಳಿಗೂ ಮಾರ್ಫಿನ್ ಸಿಗದಷ್ಟು ಬಿಗಿಯಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ದೇವರ ಗೂಡಿನ ತಿದ್ದುಪಡಿಗೆ ಪ್ರತಿ ಮನೆಗೂ ನಾವೇ ಹೋಗಬೇಕು.

ವೈದ್ಯರು ಮಲಗುವ ಹೊತ್ತಿಗೆ ಎರಡು ಮಾತ್ರೆ ಸೇರಿಸಿ ಕೊಡಲು ಹೇಳಿದರು, ನಡುರಾತ್ರಿ ಎಬ್ಬಿಸುವುದು ತಪ್ಪಿತು. ಸೊಂಟದ ಮೂಳೆಗೆ ಒಂದೇ ದಿನದ ವಿಕಿರಣ ಚಿಕಿತ್ಸೆ ಕೊಡಿಸಿದರು.

ನಾನು ಅಂಕಿ ಕೇಳುವುದನ್ನು ಬಿಟ್ಟಿಲ್ಲ. ಔಷಧ ಎಷ್ಟು ಕೆಲಸ ಮಾಡಿತೆಂದು ಅಳೆಯಲು ಅದು ಬೇಕು. ಆದರೆ ಕೇಳುವ ಮೊದಲು ಕೋಣೆಯಲ್ಲಿ ಯಾರು ಯಾರಿದ್ದಾರೆಂದು ನೋಡುತ್ತೇನೆ. ಮನೆಯವರಿಗೂ ಹೇಳುವುದು ಇಷ್ಟೇ: ನೋವು ಎಷ್ಟು ಎನ್ನುವ ಮೊದಲು, ಎಷ್ಟು ಹೊತ್ತು ನಿದ್ದೆ ಬಂತು, ಮಗ್ಗುಲು ಬದಲಿಸಲು ಆಯಿತೇ, ಎಷ್ಟು ತುತ್ತು ಇಳಿಯಿತು ಎಂದು ಕೇಳಿ. ಹೇಳಲಾಗದವರಾದರೆ ಮೈ ಒರೆಸುವಾಗ ಹುಬ್ಬು ನೋಡಿ.

ಮಗ ಗಿರಣಿಯ ಲೆಕ್ಕದ ಪುಸ್ತಕದಲ್ಲೇ ಮಾತ್ರೆಯ ಹೊತ್ತನ್ನೂ ತಾಯಿ ಹೇಳಿದ ಆಣೆಯನ್ನೂ ಬರೆಯತೊಡಗಿದ. ಮೊದಲ ವಾರ ಎಂಟಾಣೆ, ಆರಾಣೆ. ಆಮೇಲೆ ನಾಲ್ಕಾಣೆ. ಆ ತಾಯಿ ಹಾಸಿಗೆಗೆ ಬೆನ್ನು ಹಚ್ಚಿ ಮಲಗಿದ್ದನ್ನು ನಾನೇ ಕಂಡಿದ್ದೇನೆ. ಅವರು ತೀರಿಕೊಂಡ ಮೇಲೆ ಮಗ ಪುಸ್ತಕ ತೋರಿಸಿದ. ಕೊನೆಯ ಹತ್ತು ದಿನವೂ ಎರಡಾಣೆ. ಬರೆದವನು ಮಗ, ಹೇಳಿದ್ದು ಅವನಿಗೇ. ಆ ಎರಡಾಣೆಯನ್ನು ನಾನು ಈಗಲೂ ಪೂರ್ತಿ ನಂಬುವುದಿಲ್ಲ.