ತಪ್ಪಾದರೆ ಉತ್ತರ ಕೊಡುವವರು ಯಾರು?

ನಮಸ್ಕಾರ.

ಸಂಸ್ಕೃತಿಯನ್ನು ಅರಿತು ಮಾಡುವ ಮಾನಸಿಕ ಚಿಕಿತ್ಸೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಲೇಖನವೂ ಅಲ್ಲ. ನೀವು ಆಪ್ತಸಮಾಲೋಚನೆ ಕಲಿಯುತ್ತಿರುವವರು, ನಾಳೆ ಜನರ ಎದುರು ಕೂತು ಇದೇ ಕೆಲಸ ಮಾಡುವವರು. ಆದ್ದರಿಂದ ಸುತ್ತಿಬಳಸದೆ ಬರೆಯುತ್ತೇನೆ.

ನಿಮ್ಮ ವಾದ ಇಷ್ಟು: ಎದುರಿಗಿರುವವರ ನಂಬಿಕೆ, ಭಾಷೆ, ಮನೆಯ ರೀತಿನೀತಿಯನ್ನು ಮನೋವೈದ್ಯರು ಅರ್ಥಮಾಡಿಕೊಂಡರೆ ಚಿಕಿತ್ಸೆ ಚೆನ್ನಾಗಿ ಆಗುತ್ತದೆ. ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಎಲ್ಲರೂ ಒಪ್ಪುವ ಮಾತಿಗೆ ನಾಲ್ಕು ಪುಟ ಯಾಕೆ ಬೇಕು? ಓದುಗರಿಗೆ ಬೇಕಿರುವುದು ಅದರ ಮುಂದಿನ ಪ್ರಶ್ನೆ. ಅರ್ಥವಾಯಿತು ಅಂದುಕೊಂಡು ವೈದ್ಯರು ತಪ್ಪು ಮಾಡಿದರೆ? ಆಗ ಉತ್ತರ ಕೊಡಬೇಕಾದವರು ಯಾರು, ಯಾರಿಗೆ ಕೊಡಬೇಕು? ನಿಮ್ಮ ಲೇಖನ ಈ ಪ್ರಶ್ನೆಯ ಹತ್ತಿರಕ್ಕೆ ಬಂದು ಬಂದು ಹಿಂದೆ ಸರಿಯುತ್ತದೆ.

ಹತ್ತಿರಕ್ಕೆ ಬಂದ ಜಾಗ ಮೂರನೇ ಪುಟದ ಪ್ರಸಂಗ. ಬೇರೆ ದೇಶಕ್ಕೆ ವಲಸೆ ಹೋದ ಕುಟುಂಬ. ಹೆಂಡತಿಗೆ ನಿದ್ದೆಯಿಲ್ಲ, ಸದಾ ಎದೆಭಾರ. ಆ ದೇಶದ ಭಾಷೆ ಬರುವುದು ಗಂಡನಿಗೆ ಮಾತ್ರ, ಎಲ್ಲವನ್ನೂ ಅವನೇ ಹೇಳುತ್ತಾನೆ. ‘ಈ ಸಮುದಾಯದಲ್ಲಿ ಗಂಡಸರೇ ಮಾತಾಡುವುದು ರೂಢಿ’ ಅಂದುಕೊಂಡು ವೈದ್ಯರು ಅವನನ್ನೇ ಕೇಳಿ ಔಷಧಿ ಬರೆದುಕೊಡುತ್ತಾರೆ. ಇದನ್ನು ನೀವು ಸಂಸ್ಕೃತಿಗೆ ತೋರಿದ ಗೌರವ ಎಂದು ಹೊಗಳಿದ್ದೀರಿ. ಆ ಹೊಗಳಿಕೆಯ ನಡುವೆ ಒಂದು ಸಣ್ಣ ವಾಕ್ಯವಿದೆ: ‘ಆಕೆ ಕೊನೆಯವರೆಗೂ ಒಂದು ಮಾತೂ ಆಡಲಿಲ್ಲ.’ ನನ್ನನ್ನು ತಡೆದು ನಿಲ್ಲಿಸಿದ್ದು ಈ ವಾಕ್ಯ. ನೀವು ಮಾತ್ರ ಅದನ್ನು ದಾಟಿ ಮುಂದೆ ಹೋಗಿಬಿಟ್ಟಿರಿ.

ಅಲ್ಲೇ ನಿಲ್ಲಿ. ವೈದ್ಯರು ಗೌರವಿಸಿದ್ದು ಯಾರನ್ನು? ಒಂದೇ ಮನೆಯಲ್ಲಿ ಇದ್ದರೂ ಎಲ್ಲರ ಮಾತಿಗೂ ಒಂದೇ ಬೆಲೆ ಇರುವುದಿಲ್ಲ ಅಲ್ವಾ? ‘ನಮ್ಮಲ್ಲಿ ಹೀಗೇ’ ಎಂದು ಹೇಳುವ ಹಕ್ಕು ಸಾಮಾನ್ಯವಾಗಿ ಮನೆಯಲ್ಲಿ ಜೋರು ಇರುವವರದ್ದು. ಅವರ ಮಾತನ್ನೇ ಇಡೀ ಸಮುದಾಯದ ಮಾತು ಎಂದು ತೆಗೆದುಕೊಂಡರೆ, ಕಷ್ಟ ಹೇಳಿಕೊಳ್ಳಲು ಬಂದವರ ಬಾಯಿಯನ್ನು ಚಿಕಿತ್ಸೆಯೇ ಮುಚ್ಚಿದಂತೆ. ಆ ಗಂಡ ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಅವನು ಒಳ್ಳೆಯವನೇ ಇರಬಹುದು, ಹೆಂಡತಿಯ ಸ್ಥಿತಿ ನೋಡಿ ಹೆದರಿರಬಹುದು. ಆದರೆ ಆಕೆಯ ನಿದ್ದೆ ಕೆಡಿಸಿದ ಕಾರಣ ಮನೆಯೊಳಗೇ ಇದೆಯೋ ಇಲ್ಲವೋ ಎಂಬುದು ಆಕೆಯನ್ನು ಒಬ್ಬಳನ್ನೇ ಕೂರಿಸಿ ಕೇಳದೆ ಗೊತ್ತಾಗುವುದಿಲ್ಲ. ಕೇಳುವುದು ವೈದ್ಯರ ಕೆಲಸ. ರೂಢಿಯ ಹೆಸರು ಹೇಳಿ ಆ ಕೆಲಸದಿಂದ ತಪ್ಪಿಸಿಕೊಳ್ಳುವಂತಿಲ್ಲ.

ದುಭಾಷಿಯ ವಿಷಯವೂ ಇಲ್ಲೇ ಬರಬೇಕು. ಮನೆಯವರು ದುಭಾಷಿಯಾದಾಗ ಮಾತು ಸೋರಿಹೋಗುತ್ತದೆ. ನಾಚಿಕೆಯ ವಿಷಯ ಬಿಟ್ಟುಬಿಡುತ್ತಾರೆ, ಸಾಯುವ ಯೋಚನೆ ಬಂದಿದ್ದನ್ನು ‘ಸ್ವಲ್ಪ ಬೇಜಾರು’ ಮಾಡುತ್ತಾರೆ, ತಮ್ಮ ಅಭಿಪ್ರಾಯ ಸೇರಿಸುತ್ತಾರೆ. ಬೇಕಂತ ಮಾಡುವುದಲ್ಲ, ಆದರೂ ಹಾಗಾಗುತ್ತದೆ. ಮಕ್ಕಳನ್ನು ಕೂರಿಸಿ ತಾಯಿಯ ನೋವನ್ನು ಭಾಷಾಂತರ ಮಾಡಿಸುವುದಂತೂ ಆ ಮಗುವಿನ ಮೇಲೂ ಹೊರೆ. ಗುಟ್ಟು ಕಾಯುವ ಕಟ್ಟುಪಾಡಿರುವ, ತರಬೇತಿ ಪಡೆದ ದುಭಾಷಿಯನ್ನು ಒದಗಿಸುವುದು ಸಂಸ್ಥೆಯ ಜವಾಬ್ದಾರಿ. ಒದಗಿಸದಿದ್ದರೆ ಲೋಪ ಸಂಸ್ಥೆಯದ್ದು. ಇದನ್ನು ಇಷ್ಟೇ ನೇರವಾಗಿ ಬರೆಯಿರಿ.

ಎರಡನೇ ಪುಟದಲ್ಲಿ ‘ಆ ಜನ ದುಃಖವನ್ನು ಮೈನೋವಿನ ರೂಪದಲ್ಲಿ ಹೇಳಿಕೊಳ್ಳುತ್ತಾರೆ’ ಎಂದಿದ್ದೀರಿ. ಆ ಜನ ಅಂದರೆ ಅಷ್ಟೂ ಜನವೇ? ಹಾಗೆ ನಂಬಿ ಕೂತ ವೈದ್ಯರಿಗೆ ಒಂದು ದಿನ ನಿಜವಾದ ಹೃದಯದ ಕಾಯಿಲೆಯೂ ಬರೀ ದುಃಖವಾಗಿ ಕಾಣಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ ತಂದಾಗ ಅದರಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನ ಕ್ರಮವನ್ನು ಸೇರಿಸಿತು. ನಿಮ್ಮ ತೊಂದರೆಯನ್ನು ನೀವು ಹೇಗೆ ವಿವರಿಸುತ್ತೀರಿ, ಇದು ಯಾಕೆ ಬಂತು ಅನ್ನಿಸುತ್ತದೆ, ನಿಮ್ಮವರು ಏನಂತಾರೆ, ಈ ಮೊದಲು ಯಾರ ಹತ್ತಿರ ನೆರವು ಕೇಳಿದ್ದೀರಿ, ಹೀಗೆ ಸಾಗುತ್ತದೆ. ಕೊನೆಯ ಪ್ರಶ್ನೆ ವೈದ್ಯರ ಕಡೆಗೇ ತಿರುಗುತ್ತದೆ: ನಮ್ಮಿಬ್ಬರ ಹಿನ್ನೆಲೆ ಬೇರೆ ಇರುವುದರಿಂದ ತಪ್ಪು ತಿಳಿವಳಿಕೆ ಆಗಬಹುದು ಎಂಬ ಚಿಂತೆ ನಿಮಗಿದೆಯೇ? ಸಮುದಾಯದ ಬಗ್ಗೆ ಬಾಯಿಪಾಠ ಮಾಡಿಕೊಂಡು ಬರುವುದಕ್ಕೂ ಎದುರಿಗಿರುವ ಒಬ್ಬರನ್ನು ಕೇಳುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಈ ಒಂದು ಉದಾಹರಣೆ ತೋರಿಸಿಬಿಡುತ್ತದೆ. ಆದರೆ ಈ ಪ್ರಶ್ನೆಗಳನ್ನೂ ಸುಮ್ನೆ ಫಾರಂ ತುಂಬಿಸುವ ಹಾಗೆ ಕೇಳಿದರೆ ಉಪಯೋಗವಿಲ್ಲ.

ಈಗ ನನಗೆ ತುಂಬಾ ಕಸಿವಿಸಿ ಮಾಡಿದ ವಿಷಯಕ್ಕೆ ಬರುತ್ತೇನೆ. ಆ ಹೆಂಗಸಿನ ಪ್ರಸಂಗವನ್ನು ತರಬೇತಿಯಲ್ಲಿ ಕಂಡಿದ್ದು ಎಂದು ಜೊತೆಗಿನ ಪತ್ರದಲ್ಲಿ ತಿಳಿಸಿದ್ದೀರಿ. ಹೆಸರು ಬದಲಿಸಿದ್ದೀರಿ, ಸರಿ. ಆದರೆ ವಯಸ್ಸು, ಮಕ್ಕಳ ಸಂಖ್ಯೆ, ಗಂಡನ ಕೆಲಸ, ವಲಸೆ ಹೋದ ವರ್ಷ ಎಲ್ಲ ಹಾಗೇ ಉಳಿದಿವೆ. ವಲಸೆ ಸಮುದಾಯಗಳು ಚಿಕ್ಕವು. ಅಲ್ಲಿಯ ಯಾರೇ ಓದಿದರೂ ಆಕೆ ಯಾರೆಂದು ತಿಳಿಯುತ್ತದೆ. ಆಕೆಯೇ ಓದಿದರೆ? ನೀತಿಯ ಬಗ್ಗೆ ಬರೆದ ಲೇಖನದಲ್ಲೇ ಆಕೆಯ ಗುಟ್ಟು ಬಯಲಾದಂತೆ. ಈಗ ಹೋಗಿ ಒಪ್ಪಿಗೆ ಕೇಳುತ್ತೇನೆ ಎನ್ನಬೇಡಿ. ಚಿಕಿತ್ಸೆ ಪಡೆಯುತ್ತಿರುವವರಿಗೆ ಚಿಕಿತ್ಸೆ ಕೊಡುವವರ ಕಡೆಯಿಂದ ಬಂದ ಕೋರಿಕೆಗೆ ಬೇಡ ಅನ್ನುವುದು ಕಷ್ಟ. ಅಂಥ ಒಪ್ಪಿಗೆಯನ್ನು ನಾನು ನಂಬುವುದಿಲ್ಲ. ಆ ಪ್ರಸಂಗವನ್ನು ಪೂರ್ತಿ ತೆಗೆಯಿರಿ. ಗಂಡ ಹೆಂಡತಿಯ ಜಾಗದಲ್ಲಿ ಬೇರೆ ಸಂಬಂಧ, ಬೇರೆ ತೊಂದರೆ ಇಟ್ಟು, ಇದು ಕಲ್ಪಿಸಿದ ಸಂದರ್ಭ ಎಂದು ಓದುಗರಿಗೆ ಮೊದಲೇ ಹೇಳಿ ಬರೆಯಿರಿ. ಮಾತಾಡದೆ ಕೂತವರ ಆ ಮೌನ ಮಾತ್ರ ಉಳಿಯಲಿ.

ಇನ್ನು ನಿಮ್ಮ ಭಾಷೆ. ಚರಿತ್ರೆಯ ಭಾಗದಲ್ಲಿ ‘ಹಿಂದೆ ಕೆಲವು ತಪ್ಪುಗಳು ನಡೆದುಹೋದವು’ ಎಂದು ಬರೆದು ಮುಗಿಸಿದ್ದೀರಿ. ತಪ್ಪುಗಳು ತಾವಾಗಿ ನಡೆಯುವುದಿಲ್ಲ, ಮಾಡಿದವರು ಇದ್ದರು. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯರಿಂದ ಓಡಿಹೋಗುವುದು ಒಂದು ಕಾಯಿಲೆ ಎಂದು ಬರೆದ. ಅದಕ್ಕೆ ಡ್ರಾಪೆಟೋಮೇನಿಯಾ ಎಂದು ಹೆಸರಿಟ್ಟ. ಚಾಟಿಯೇಟನ್ನು ಮದ್ದಾಗಿ ಸೂಚಿಸಿದ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಅದೇ ಮನೋವೈದ್ಯರ ಸಂಘವೂ ಅಲ್ಲಿಯ ಮನೋವಿಜ್ಞಾನಿಗಳ ಸಂಘವೂ ತಮ್ಮ ವೃತ್ತಿಯೊಳಗಿನ ಜನಾಂಗಭೇದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ಯಾರು, ಯಾವಾಗ, ಯಾರಿಗೆ ಎಂಬುದು ವಾಕ್ಯದಲ್ಲಿ ಬಂದ ಕೂಡಲೇ ಓದುಗರು ಮುಂದಿನದನ್ನು ತಾವೇ ಕೇಳುತ್ತಾರೆ: ಕ್ಷಮೆ ಕೇಳಿದ ಮೇಲೆ ಏನು ಬದಲಾಯಿತು? ನಿಮ್ಮ ಇಡೀ ಲೇಖನದಲ್ಲಿ ಮಾಡಿದವರಿಲ್ಲದ ವಾಕ್ಯಗಳನ್ನು ಹುಡುಕಿ ಗುರುತು ಹಾಕಿ. ಪ್ರತಿಯೊಂದಕ್ಕೂ ಒಬ್ಬ ಕರ್ತೃವನ್ನು ಕೊಡಿ.

ಸಾಂಪ್ರದಾಯಿಕ ಚಿಕಿತ್ಸಕರನ್ನೂ ಧರ್ಮಗುರುಗಳನ್ನೂ ಜೊತೆಗೆ ಸೇರಿಸಿಕೊಳ್ಳಬೇಕು ಎಂಬ ನಿಮ್ಮ ಮಾತು ನನಗೂ ಒಪ್ಪಿಗೆ. ಜನ ಮೊದಲು ಹೋಗುವುದು ಅವರ ಬಳಿಗೇ. ಆದರೆ ಸಂಕೋಲೆಯ ಬಗ್ಗೆ ನೀವು ಒಂದು ಮಾತೂ ಆಡಿಲ್ಲ. ಮಾನಸಿಕ ತೊಂದರೆ ಇರುವವರನ್ನು ಕಟ್ಟಿಹಾಕುವುದು, ಕೂಡಿಹಾಕುವುದು ಸುಮಾರು 60 ದೇಶಗಳಲ್ಲಿ ನಡೆಯುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2020ರ ವರದಿಯಲ್ಲಿ ದಾಖಲಿಸಿದೆ. ಇಂಥವರನ್ನು ಸರಪಳಿಯಲ್ಲಿಟ್ಟು ಪ್ರಾರ್ಥನೆಯಿಂದ ಗುಣಪಡಿಸಲು ನೋಡುವ ಘಾನಾದ ಒಂದು ಪ್ರಾರ್ಥನಾ ಶಿಬಿರದಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಔಷಧಿ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರ ರೋಗಲಕ್ಷಣಗಳು ಕಡಿಮೆಯಾದವು. ಸರಪಳಿಯಲ್ಲಿ ಕಳೆದ ದಿನಗಳು ಮಾತ್ರ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಈ ಫಲಿತಾಂಶ ಓದಿದರೆ ಸಂಕಟವಾಗುತ್ತದೆ. ವೈದ್ಯರೂ ಗುರುಗಳೂ ಕೈಜೋಡಿಸಿದರು, ಕಾಯಿಲೆ ತಗ್ಗಿತು, ಆದರೂ ಸರಪಳಿ ಉಳಿಯಿತು. ಅದನ್ನು ಬಿಚ್ಚುವ ಹೊಣೆ ಯಾರದ್ದು ಎಂದು ಮೊದಲೇ ತೀರ್ಮಾನವಾಗದಿದ್ದರೆ ಬರೀ ಸಹಕಾರದಿಂದ ಅದು ಬಿಚ್ಚುವುದಿಲ್ಲ. ನಂಬಿಕೆಯನ್ನು ಗೌರವಿಸಿ ಎನ್ನುವ ಲೇಖನ ಇಲ್ಲಿ ಗೆರೆ ಎಳೆಯಲೇಬೇಕು. ಗೆರೆ ಎಲ್ಲಿ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ: ಒಬ್ಬರ ಮೈಗೆ ಸರಪಳಿ ಬಿದ್ದಲ್ಲಿ.

ಹೊಣೆಗಾರಿಕೆ ಹೇಗಿರಬಹುದು ಎಂದು ತೋರಿಸಲು ನ್ಯೂಜಿಲೆಂಡಿನ ಕಡೆ ನೋಡಿ. ಅಲ್ಲಿ ಇರಿಹಪೇತಿ ರಾಮ್ಸ್‌ಡೆನ್ ಎಂಬ ಮಾವೋರಿ (ಅಲ್ಲಿಯ ಮೂಲನಿವಾಸಿ) ದಾದಿ ಮುಂದಿಟ್ಟ ಸಾಂಸ್ಕೃತಿಕ ಸುರಕ್ಷತೆಯ ವಿಚಾರವನ್ನು ದಾದಿಯರ ಮಂಡಳಿ 1992ರಲ್ಲಿ ಶಿಕ್ಷಣದೊಳಕ್ಕೆ ತಂದಿತು. ಅದರ ತಿರುಳು: ಆರೈಕೆ ಸುರಕ್ಷಿತವಾಗಿತ್ತೇ ಎಂದು ತೀರ್ಮಾನಿಸುವವರು ಆರೈಕೆ ಪಡೆದವರು, ಕೊಟ್ಟವರಲ್ಲ. ತಾನು ಸೂಕ್ಷ್ಮವಾಗಿ ನಡೆದುಕೊಂಡೆ ಎಂದು ವೈದ್ಯರು ಹೇಳಿಕೊಂಡರೆ ಸಾಲದು. 1996ರಲ್ಲಿ ಅಲ್ಲಿ ಆರೋಗ್ಯ ಸೇವೆ ಪಡೆಯುವವರ 10 ಹಕ್ಕುಗಳ ಸಂಹಿತೆ ಜಾರಿಗೆ ಬಂತು. ತಮ್ಮ ಸಂಸ್ಕೃತಿಯ ಅಗತ್ಯ, ನಂಬಿಕೆಗಳನ್ನು ಗಮನಿಸುವ ಸೇವೆ ಅದರಲ್ಲಿ ಒಂದು ಹಕ್ಕು. ಅರ್ಥವಾಗುವ ಭಾಷೆಯಲ್ಲಿ ಮಾತು, ಬೇಕಿದ್ದಾಗ ಸಾಧ್ಯವಿದ್ದಷ್ಟು ಮಟ್ಟಿಗೆ ಬಲ್ಲ ದುಭಾಷಿ, ಅದೂ ಹಕ್ಕು. ಹಕ್ಕು ಮುರಿದರೆ ದೂರು ಕೇಳಲು ಒಬ್ಬ ಆಯುಕ್ತರಿದ್ದಾರೆ. ಅಲ್ಲಿ ಎಲ್ಲವೂ ಸರಿಹೋಗಿದೆ ಎಂದಲ್ಲ. ದೂರು ಕೊಡಲು ಒಂದು ಬಾಗಿಲಿದೆ, ಬಾಗಿಲಲ್ಲಿ ಉತ್ತರ ಕೊಡಬೇಕಾದವರಿದ್ದಾರೆ.

ನೀವು ಹೊಗಳುವ ಯಾವುದೇ ವ್ಯವಸ್ಥೆಯನ್ನೂ ಹೀಗೆ ಪರೀಕ್ಷಿಸಿ. ದೂರು ಅರ್ಜಿ ದೂರು ಕೊಡುವವರ ಭಾಷೆಯಲ್ಲಿ ಇದೆಯೇ? ದೂರು ಕೊಟ್ಟ ಮೇಲೂ ಚಿಕಿತ್ಸೆ ಮುಂದುವರಿಯುತ್ತದೆಯೇ? ಒತ್ತಾಯದಿಂದ ದಾಖಲಾದವರು, ಕಟ್ಟಿಹಾಕಿಸಿಕೊಂಡವರು ಯಾವ ಸಮುದಾಯದವರು ಎಂಬ ಲೆಕ್ಕ ಇಡುತ್ತಾರೆಯೇ, ಆ ಲೆಕ್ಕವನ್ನು ಹೊರಗಿನವರು ನೋಡಬಹುದೇ? ಹೊಸಬರಾದ ನಿಮ್ಮಂಥವರ ಕೆಲಸವನ್ನು ಹಿರಿಯರೊಬ್ಬರು ಕೂತು ಪರಿಶೀಲಿಸುತ್ತಾರೆಯೇ?

ಕೊನೆಯ ಪುಟದ ಆಶಯದ ಮಾತುಗಳನ್ನು ತೆಗೆದುಹಾಕಿ, ಅವು ಯಾವ ಲೇಖನದ ಕೊನೆಗಾದರೂ ಹೊಂದುತ್ತವೆ. ‘ಸಾಂಸ್ಕೃತಿಕ ಸಂವೇದನೆ’ ಪುಟಕ್ಕೆ ನಾಲ್ಕೈದು ಸಲ ಬರುತ್ತದೆ, ಅಷ್ಟು ಬೇಡ. ಉದ್ದ ಈಗಿನದ್ದೇ ಇರಲಿ. ಅವಸರವಿಲ್ಲ, ಸಮಯ ತೆಗೆದುಕೊಂಡು ಬರೆಯಿರಿ. ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ. ಆ ಹೆಂಗಸಿನ ವಿವರಗಳಿರುವ ಈ ಪ್ರತಿಯನ್ನು ಇಲ್ಲಿ ಅಳಿಸಿಹಾಕಿದ್ದೇನೆ. ಬೇರೆ ಯಾರಿಗಾದರೂ ಕಳಿಸಿದ್ದರೆ ದಯವಿಟ್ಟು ಇವತ್ತೇ ಅವರಿಗೂ ಹೇಳಿ ಅಳಿಸಿಸಿ.