ನಾರ್ಮಲ್ ಎಂದು ಬಂದ ವರದಿಯನ್ನು ಓದುವ ಬಗೆ

ಈ ಸಲ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಾರ್ಮೋನುಗಳಿಗೆ ಸಂಬಂಧಿಸಿದ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ. ಕಲಬುರಗಿಯ ನನ್ನ ಚಿಕಿತ್ಸಾಲಯದಲ್ಲಿ ಆ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೇನೆ. ಅದಕ್ಕೆ ನೆರೆಹೊರೆಯವರು ಹೇಳಿದ ಉತ್ತರವನ್ನು ನಂಬಿ ತೊಂದರೆಗೊಳಗಾದವರನ್ನೂ ನೋಡಿದ್ದೇನೆ.

ಪ್ರಶ್ನೆ: ನನ್ನ ಹೆಂಡತಿಗೆ 28 ವರ್ಷ. ಎರಡು ವರ್ಷಗಳ ಹಿಂದೆ ಟಿಎಸ್‌ಎಚ್ ಹೆಚ್ಚಾಗಿದೆ ಎಂದು ವರದಿ ಬಂದಾಗ ವೈದ್ಯರು ಥೈರಾಯ್ಡ್ ಕಡಿಮೆಯಾಗಿದೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಹೆಚ್ಚಾಗಿರುವುದನ್ನು ಕಡಿಮೆ ಎನ್ನುವುದು ಹೇಗೆ? ಈಗ ವರದಿ ನಾರ್ಮಲ್ ಬಂದಿದೆ. ಗುಳಿಗೆ ರೂಢಿಯಾಗಿಬಿಡುತ್ತದೆ, ಬಿಟ್ಟುಬಿಡಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಬಿಡಬಹುದೆ?
(ಓದುಗರು, ಶಹಾಪುರ)

ಉತ್ತರ: ವೈದ್ಯರನ್ನು ಕೇಳದೆ ಬಿಡಬೇಡಿ. ವರದಿ ನಾರ್ಮಲ್ ಆಗಿರುವುದು ಗುಳಿಗೆ ತನ್ನ ಕೆಲಸವನ್ನು ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಗ್ರಂಥಿ ಗುಣವಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹೆಚ್ಚು ಕಡಿಮೆಯ ಗೊಂದಲಕ್ಕೆ ಮೂಲ ಕಾರಣವೆಂದರೆ, ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ. ಅದು ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಟು, ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡಿಗೆ ‘ಕೆಲಸ ಮಾಡು’ ಎಂದು ತಿಳಿಸುವ ಕರೆ. ನಾರಾಯಣಪುರದ ಕಾಲುವೆಯ ನೀರನ್ನು ನಂಬಿದ ನಿಮ್ಮ ತಾಲ್ಲೂಕಿನಲ್ಲಿ ಇದನ್ನು ವಿವರಿಸುವುದು ಸುಲಭ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದಿದ್ದಾಗ ರೈತ ಮೇಲಿನವರನ್ನು ಕೂಗುತ್ತಾನೆ, ಹೊಲ ಒಣಗಿದಷ್ಟೂ ಕೂಗು ಏರುತ್ತದೆ, ನೀರು ಬಂದ ಮೇಲೆ ತಾನಾಗಿಯೇ ತಗ್ಗುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದುದನ್ನು ಅರಿತ ಪಿಟ್ಯುಟರಿ ಹಾಗೆಯೇ ಟಿಎಸ್‌ಎಚ್ ಅನ್ನು ಹೆಚ್ಚಿಸುತ್ತದೆ. ನಿಮ್ಮ ವೈದ್ಯರು ಕೂಗಿನ ಎತ್ತರವನ್ನು ನೋಡಿ ಹೊಲ ಒಣಗಿದೆ ಎಂದರು. ಅವರು ಹೇಳಿದ್ದು ಸರಿ.

ಗುಳಿಗೆಯಲ್ಲಿರುವುದು ಗ್ರಂಥಿಯೇ ತಯಾರಿಸುವ ಟಿ-4 ಹಾರ್ಮೋನು. ರಾಸಾಯನಿಕವಾಗಿ ಎರಡಕ್ಕೂ ವ್ಯತ್ಯಾಸವಿಲ್ಲ. ಆದ್ದರಿಂದ ರೂಢಿಯಾಗುತ್ತದೆ ಎಂಬ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ದಿನಾಲು ರೊಟ್ಟಿ ತಿನ್ನುವುದನ್ನು ನಾವು ಚಟವೆನ್ನುವುದಿಲ್ಲವಷ್ಟೆ. ಗುಳಿಗೆ ಬಿಟ್ಟ ಕೂಡಲೇ ಏನೂ ಆಗದಿರುವುದು ಹಲವರನ್ನು ಮೋಸಗೊಳಿಸುತ್ತದೆ. ರಕ್ತದಲ್ಲಿರುವ ಟಿ-4 ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಹೀಗಾಗಿ ಮೊದಲ ವಾರಗಳು ಸುಖವಾಗಿಯೇ ಕಳೆಯುತ್ತವೆ. ದಣಿವು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ತೂಕದ ಏರಿಕೆ, ಮುಟ್ಟಿನ ಏರುಪೇರು ಒಂದೊಂದಾಗಿ ಮರಳುವ ಹೊತ್ತಿಗೆ ಅದಕ್ಕೂ ಗುಳಿಗೆ ಬಿಟ್ಟಿದ್ದಕ್ಕೂ ಇರುವ ನಂಟು ಮನೆಯವರ ನೆನಪಿನಿಂದ ಜಾರಿರುತ್ತದೆ. ಪ್ರಮಾಣವನ್ನು ಬದಲಿಸಿದಾಗ 6ರಿಂದ 8 ವಾರ ಕಾದು ಮರುಪರೀಕ್ಷೆ ಮಾಡಿಸುವುದಕ್ಕೂ ಈ ನಿಧಾನವೇ ಕಾರಣ.

ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ ಮತ್ತು ಉಪಾಹಾರಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ ಇಲ್ಲವೆ ಕ್ಯಾಲ್ಸಿಯಂ ಗುಳಿಗೆಗಳಿದ್ದರೆ ನಡುವೆ 4 ಗಂಟೆಗಳ ಅಂತರವಿರಲಿ. ಅಯೋಡಿನ್ ಉಪ್ಪನ್ನು ಹೆಚ್ಚು ತಿಂದರೆ ಸಾಲದೆ ಎಂದು ಕೇಳುವವರಿದ್ದಾರೆ. ಟಿ-4ರ ಪ್ರತಿಯೊಂದು ಅಣುವಿನಲ್ಲಿ ಅಯೋಡಿನ್ನಿನ 4 ಪರಮಾಣುಗಳಿವೆ, ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಅದು ದೊರೆಯದ ಕಡೆ ಗಳಗಂಡ ಬರುತ್ತದೆ; ಇದೆಲ್ಲ ನಿಜ. ಭಾರತವು 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು ಅದಕ್ಕಾಗಿಯೇ. ಆದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಗೆಡವಿದ್ದರೆ ಎಷ್ಟು ಉಪ್ಪು ತಿಂದರೂ ಗ್ರಂಥಿ ಮರಳಿ ಬರುವುದಿಲ್ಲ, ರಕ್ತದ ಒತ್ತಡವಷ್ಟೇ ಏರುತ್ತದೆ.

ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತದಂತಹ ಕೆಲವು ಸಂದರ್ಭಗಳಲ್ಲಿ ತೊಂದರೆ ತಾತ್ಕಾಲಿಕವಾಗಿರುವುದುಂಟು. ಆಗ ವೈದ್ಯರೇ ಪ್ರಮಾಣವನ್ನು ಇಳಿಸಿ, ಪರೀಕ್ಷಿಸಿ, ನಿಲ್ಲಿಸುತ್ತಾರೆ. ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕು. ನಿಮ್ಮ ಹೆಂಡತಿ ಗರ್ಭಿಣಿಯಾದರೆ, ಅದು ತಿಳಿದ ಕೂಡಲೇ ವೈದ್ಯರನ್ನು ಕಾಣಲಿ. ಮೊದಲ ತಿಂಗಳುಗಳಲ್ಲಿ ಕೂಸಿನ ಮೆದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿ ಬೆಳೆಯುತ್ತದೆ, ಆದ್ದರಿಂದ ಗುಳಿಗೆಯ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಹಿರಿಯರ ಮಾತು ಕೇಳಿ ಗುಳಿಗೆ ಬಿಟ್ಟವರನ್ನು ಕಂಡಾಗಲೆಲ್ಲ ನನಗೆ ತುಂಬ ಸಂಕಟವಾಗಿದೆ.

ಪ್ರಶ್ನೆ: ಹಾರ್ಮೋನು ರಕ್ತದಲ್ಲಿ ಬೆರೆತು ಇಡೀ ದೇಹವನ್ನು ಸುತ್ತುವುದಾದರೆ, ಯಾವ ಅಂಗಕ್ಕೆ ಹೋಗಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ?
(ವಿದ್ಯಾರ್ಥಿನಿ, ಭಾಲ್ಕಿ)

ಉತ್ತರ: ಅದಕ್ಕೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನು ನೀವು ನೋಡಿರಬಹುದು. ನೆಲದಡಿಯ ಕಾಲುವೆಯೊಂದು ನೀರನ್ನು ಗೊತ್ತಾದ ಜಾಗಕ್ಕೆ ಒಯ್ಯುತ್ತದೆ. ಜೊಲ್ಲಿನ ಗ್ರಂಥಿಗೆ ಅಂತಹ ನಾಳವಿದೆ. ನಿರ್ನಾಳ ಗ್ರಂಥಿಗೆ ನಾಳವಿಲ್ಲದ ಕಾರಣ ಅದು ತನ್ನ ಹಾರ್ಮೋನನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಊರಲ್ಲಿ ಡಂಗುರ ಸಾರಿದಾಗ ಎಲ್ಲರ ಕಿವಿಗೂ ಬಿದ್ದರೂ ಸಂಬಂಧಪಟ್ಟವರು ಮಾತ್ರ ಎದ್ದು ಬರುವಂತೆ, ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುವ ಜೀವಕೋಶಗಳು ಮಾತ್ರ ಅದಕ್ಕೆ ಓಗೊಡುತ್ತವೆ.

ಇದು ತಿಳಿದುಬಂದ ಬಗೆಯೂ ಸ್ವಾರಸ್ಯಕರವಾಗಿದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ನಾಯಿಯ ಸಣ್ಣ ಕರುಳಿನ ಒಂದು ತುಂಡಿನ ನರಗಳನ್ನೆಲ್ಲ ಕತ್ತರಿಸಿ, ಅದರೊಳಕ್ಕೆ ಆಮ್ಲವನ್ನು ಬಿಟ್ಟರು. ನರಗಳಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸುದ್ದಿ ರಕ್ತದ ಮೂಲಕವೇ ಹೋಗಿತ್ತು. ಆ ದೂತನಿಗೆ ಸಿಕ್ರೆಟಿನ್ ಎಂದು ಹೆಸರಾಯಿತು. 1905ರಲ್ಲಿ ಸ್ಟಾರ್ಲಿಂಗ್ ಇಂತಹ ಎಲ್ಲ ದೂತರಿಗೂ ಹಾರ್ಮೋನು ಎಂಬ ಪದವನ್ನು ಬಳಸಿದರು. ಗ್ರಾಹಕ ಮಂದವಾದರೆ ಹಾರ್ಮೋನು ಎಷ್ಟಿದ್ದರೂ ಸಾಲದು ಎಂಬುದನ್ನೂ ನೆನಪಿಡಿ. ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಆರಂಭವಾಗುವುದು ಹೀಗೆಯೇ: ಇನ್ಸುಲಿನ್ ಇರುತ್ತದೆ, ಜೀವಕೋಶಗಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ.

ಪ್ರಶ್ನೆ: ನಾನು ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ನನಗೆ ಮೂತ್ರ ಬಹಳ ಕಡಿಮೆ, ಬಣ್ಣವೂ ಗಾಢ. ಜೊತೆಯವನೊಬ್ಬನಿಗೆ ಸಕ್ಕರೆ ಕಾಯಿಲೆ. ಅದೇ ಬಿಸಿಲಿನಲ್ಲಿ ಅವನು ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಾನೆ. ಯಾಕೆ ಹೀಗೆ?
(ಓದುಗರು, ಚಿತ್ತಾಪುರ)

ಉತ್ತರ: ನಿಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರನ್ನು ಮಾತ್ರ ಹೊರಕ್ಕೆ ಬಿಟ್ಟು ಉಳಿದುದನ್ನು ರಕ್ತಕ್ಕೆ ಮರಳಿಸುತ್ತವೆ. ನಮ್ಮ ಭಾಗದ ಮೇ ತಿಂಗಳ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಬೆವರು ಸುರಿದು ರಕ್ತ ತುಸು ಗಟ್ಟಿಯಾದರೂ ಮೆದುಳಿನ ಹೈಪೋಥಲಾಮಸ್ ಅದನ್ನು ಗುರುತಿಸಿ, ನೀರಡಿಕೆಯನ್ನು ಹುಟ್ಟಿಸುವುದರ ಜೊತೆಗೆ ಪಿಟ್ಯುಟರಿಯ ಹಿಂಭಾಗದಿಂದ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನನ್ನು ಬಿಡಿಸುತ್ತದೆ. ಅದರ ಆಣತಿಯಂತೆ ಮೂತ್ರಪಿಂಡ ನೀರನ್ನು ಇನ್ನಷ್ಟು ಹಿಡಿದಿಡುತ್ತದೆ, ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟೆರೋನ್ ಉಪ್ಪನ್ನು ಉಳಿಸುತ್ತದೆ. ನಿಮ್ಮ ಗಾಢ ಬಣ್ಣದ ಮೂತ್ರ ಆ ಉಳಿತಾಯದ ಗುರುತು. ಕುಡಿದ ನೀರು ಸಾಲದು ಎಂಬ ಎಚ್ಚರಿಕೆಯೂ ಹೌದು.

ನಿಮ್ಮ ಜೊತೆಯವರ ದೇಹವೂ ಇದೇ ಆಣತಿಯನ್ನು ಕೊಡುತ್ತಿರುತ್ತದೆ. ಆದರೆ ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದಾಗ ಅದು ಮೂತ್ರಕ್ಕೆ ಸೋರಿ, ತನ್ನೊಂದಿಗೆ ನೀರನ್ನೂ ಎಳೆದೊಯ್ಯುತ್ತದೆ. ಅವರಿಗೆ ಬೆವರಿನಲ್ಲೂ ಮೂತ್ರದಲ್ಲೂ ನೀರು ನಷ್ಟವಾಗುತ್ತಿದೆ, ಆದ್ದರಿಂದ ಬಿಸಿಲಿನ ಅಪಾಯ ನಿಮಗಿಂತ ಅವರಿಗೆ ಹೆಚ್ಚು. ಈ ವಾರವೇ ಅವರನ್ನು ಸಕ್ಕರೆ ಪರೀಕ್ಷೆಗೆ ಕರೆದೊಯ್ಯಿರಿ. ನೀವು ನೀರಡಿಕೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಕುಡಿಯಿರಿ. ಸಂಜೆಯ ಮದ್ಯದಿಂದ ದಾಹ ತಣಿಯುವುದಿಲ್ಲ. ಅದು ವ್ಯಾಸೋಪ್ರೆಸಿನ್ನನ್ನು ತಡೆದು, ದಿನವಿಡೀ ಉಳಿಸಿಕೊಂಡ ನೀರನ್ನು ಹೊರಹಾಕಿಸುತ್ತದೆ.

ಪ್ರಶ್ನೆ: ಶ್ರಾವಣದ ಸೋಮವಾರಗಳಲ್ಲಿ ನಾನೂ, ರಂಜಾನಿನಲ್ಲಿ ನಮ್ಮ ನೆರೆಮನೆಯವರೂ ಉಪವಾಸವಿರುತ್ತೇವೆ. ದಿನವಿಡೀ ಏನೂ ತಿನ್ನದಿದ್ದರೂ ರಕ್ತದ ಸಕ್ಕರೆ ಖಾಲಿಯಾಗುವುದಿಲ್ಲವೇಕೆ? ಸಕ್ಕರೆ ಕಾಯಿಲೆ ಇರುವವರು ಉಪವಾಸ ಮಾಡಬಹುದೆ?
(ಓದುಗರು, ಔರಾದ)

ಉತ್ತರ: ಇಡೀ ರಕ್ತದಲ್ಲಿ ಯಾವ ಹೊತ್ತಿಗೂ ಕರಗಿರುವ ಸಕ್ಕರೆ ಒಂದು ಚಮಚೆಯಷ್ಟೇ, ಸುಮಾರು 5 ಗ್ರಾಂ. ಅದು ತಗ್ಗತೊಡಗಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಇಳಿಸಿ, ಗ್ಲೂಕಗಾನ್ ಎಂಬ ಇನ್ನೊಂದು ಹಾರ್ಮೋನನ್ನು ಏರಿಸುತ್ತದೆ. ಯಕೃತ್ತು ತನ್ನ ದಾಸ್ತಾನಿನಿಂದ ಸಕ್ಕರೆಯನ್ನು ಬಿಡುತ್ತದೆ. ಚುಚ್ಚುಮದ್ದಿನಿಂದ ಒಳಹೋದ ಇನ್ಸುಲಿನ್ ಮಾತ್ರ ಹೀಗೆ ತಗ್ಗಲಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರು ಉಪವಾಸದ ತಿಂಗಳಿಗೆ ಮೊದಲೇ ವೈದ್ಯರಿಂದ ಪ್ರಮಾಣವನ್ನು ಬದಲಿಸಿಕೊಳ್ಳಬೇಕು. ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ ಕಂಡರೆ ಅದು ಅಡ್ರಿನಲಿನ್ ಕೊಡುವ ಎಚ್ಚರಿಕೆ. ಸಕ್ಕರೆ 100 ಮಿಲಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಉಪವಾಸವನ್ನು ಕೂಡಲೇ ಮುರಿದು, ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿ. ಕಾಯಿಲೆ ಬಹಳ ವರ್ಷಗಳದಾಗಿದ್ದರೆ ಈ ಎಚ್ಚರಿಕೆಯೂ ಮಂಕಾಗಿರಬಹುದು. ಆಗ ಮಾತು ತೊದಲುವುದನ್ನು, ಗೊಂದಲವನ್ನು ಮನೆಯವರೇ ಗಮನಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.